ಕುರ್ಚಿ ಯಾರದು ಅನ್ನೋದಲ್ಲ ಪ್ರಶ್ನೆ

ಚುನಾವಣೆ ಹತ್ತಿರ ಬಂದರೆ ಚಾನೆಲ್‌ಗಳಲ್ಲಿ ಜ್ಯೋತಿಷಿಗಳು ಬಂದು ಕೂರುತ್ತಾರೆ. ಯಾರ ಕುರ್ಚಿ ಉಳಿಯುತ್ತೆ, ಯಾರದ್ದು ಹೋಗುತ್ತೆ? ಇದನ್ನೇ ನಾವು ಭವಿಷ್ಯವಾಣಿ ಅಂದುಕೊಂಡಿದ್ದೇವೆ. ಹೀಬ್ರೂ ಪ್ರವಾದಿಗಳದ್ದು ಬೇರೆಯೇ ಥರ.

ಯೆರೂಸಲೇಮಿನ ರಾಜ ಯೆಹೋಯಾಕೀಮ ಕೂಲಿ ಕೊಡದೆ ಜನರಿಂದ ದುಡಿಸಿ ಅರಮನೆ ಕಟ್ಟಿಸಿದ. ಪ್ರವಾದಿ ಯೆರೆಮೀಯ ಎಚ್ಚರಿಸಿದ: ನ್ಯಾಯ ನಡೆಸಿದರೆ ಸಿಂಹಾಸನ ಉಳಿಯುತ್ತೆ, ಇಲ್ಲದಿದ್ದರೆ ಅರಮನೆ ಹಾಳುಬೀಳುತ್ತೆ, ಜನ ಸೆರೆಯಾಗಿ ಪರದೇಶ ಸೇರುತ್ತಾರೆ. ಆ ಮಾತುಗಳ ಸುರುಳಿಯನ್ನು ಓದುತ್ತಿದ್ದ ಹಾಗೇ ರಾಜ ಅದನ್ನು ಕತ್ತರಿಸಿ ಎದುರಿನ ಬೆಂಕಿಗೆ ಹಾಕಿದ. ಯೆರೆಮೀಯ ಮತ್ತೆ ಬರೆಸಿದ. ಕ್ರಿ.ಪೂ. 597ರಲ್ಲಿ ಬಾಬಿಲೋನಿಗೆ ಜನರ ಸಾಗಾಟ ನಡೆಯಿತು. ಹತ್ತೇ ವರ್ಷದ ಆಸುಪಾಸಿನಲ್ಲಿ ದೇವಾಲಯವೂ ಸುಟ್ಟುಹೋಯಿತು.

ಗಮನಿಸಿ, ಅಲ್ಲೊಂದು ‘ಇಲ್ಲದಿದ್ದರೆ’ ಇದೆ. ಯೋನನ ಕಥೆಯಲ್ಲಿ ನಿನೆವೆಯ ರಾಜ ಎಚ್ಚರಿಕೆ ಕೇಳಿ ತಿದ್ದಿಕೊಂಡ, ಊರು ಉಳಿಯಿತು. ಅಂದ್ರೆ ಭವಿಷ್ಯ ಸುಳ್ಳಾಯಿತು, ಕೆಲಸ ಮಾತ್ರ ಆಯಿತು. ಫೈರ್ ಅಲಾರಂ ಇರೋದು ಬೆಂಕಿ ಬೀಳಲಿ ಅಂತಲ್ಲ ತಾನೇ?

ರಾಜನ ಮುಖಕ್ಕೆ ಹೇಳಿದ ಮಾತು ನಮ್ಮ ನೆಲದಲ್ಲೂ ಇದೆ. ತಾಜಸುಲ್ತಾನಪುರದವರಿಗೆ, ಕಲಬುರಗಿಯವರಿಗೆ ಬಂದೇನವಾಜರ ದರ್ಗಾ ಹೊಸದಲ್ಲ. ತೈಮೂರನ ದಾಳಿಯ ಕಾಲದಲ್ಲಿ ದಿಲ್ಲಿ ಬಿಟ್ಟು ಬಂದ ಸಂತರು ಅವರು. ಬಹಮನಿ ಸುಲ್ತಾನ ಫಿರೋಜ್ ಷಾ ತನ್ನ ಮಗನನ್ನು ಉತ್ತರಾಧಿಕಾರಿ ಮಾಡಿ ಆಶೀರ್ವಾದ ಕೇಳಿದ. ಕಿರೀಟ ನಿನ್ನ ತಮ್ಮ ಅಹ್ಮದನಿಗೆ ಅಂದರಂತೆ ಸಂತರು. ಸಿಟ್ಟಾದ ಸುಲ್ತಾನ, ಜನಜಂಗುಳಿಯ ನೆಪ ಹೇಳಿ ಅವರನ್ನು ಕೋಟೆಯ ಬಳಿಯಿಂದ ದೂರ ಕಳಿಸಿದ. 1422ರಲ್ಲಿ ಅಹ್ಮದನೇ ಪಟ್ಟಕ್ಕೆ ಬಂದ. ರಾಜಧಾನಿಯೂ ಅವನ ಕಾಲದಲ್ಲೇ ಬೀದರಿಗೆ ಹೋಯಿತು. ಇದನ್ನು ಹೇಳುವ ಇತಿಹಾಸಕಾರ ಫರಿಶ್ತಾ ಬರೆದದ್ದು ಸುಮಾರು ಎರಡು ಶತಮಾನದ ನಂತರ. ಗೆದ್ದವನಿಗೆ ಅನುಕೂಲವಾಗೋ ಕಥೆ ಇದು, ನಿಜ. ಆದರೂ ಅರಸ ಕೈಯೊಡ್ಡಿ ನಿಂತಾಗ ‘ಇಲ್ಲ’ ಎಂದವರನ್ನು ಜನ ನೆನಪಿಟ್ಟುಕೊಂಡಿದ್ದಾರೆ. ಇವತ್ತು ಕೋಟೆ ಪಾಳು ಬಿದ್ದಿದೆ, ದರ್ಗಾದ ಉರುಸಿಗೆ ಎಲ್ಲ ಧರ್ಮದವರೂ ಬರುತ್ತಾರೆ.

ಹಾಗಾದರೆ ಈ ಕಾಲದ ಗಡೀಪಾರು ಯಾವುದು? ನಮ್ಮ ಕಲ್ಯಾಣ ಕರ್ನಾಟಕದ ಹಳ್ಳಿಗಳಿಂದ ಜನ ಮುಂಬೈ, ಪುಣೆ, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಮನೆಗೆ ಬೀಗ, ಮಕ್ಕಳ ಶಾಲೆಗೆ ರಜೆ. ಅಲ್ಲಿ ಅವರು ಕಟ್ಟೋದೂ ಬೇರೆಯವರ ಮನೆಯನ್ನೇ. ಯೆರೆಮೀಯ ಕೇಳಿದ್ದು ಇದನ್ನೇ: ಕಟ್ಟಿದವನಿಗೆ ಕೂಲಿ ಸಿಕ್ಕಿತಾ?

ಮುಂದಿನ ಸಲ ಟೀವಿಯಲ್ಲಿ ಯಾರಾದರೂ, ನಾನೇ ಆಗಿರಲಿ, ಯಾರು ಗೆಲ್ತಾರೆ ಅಂತ ಗಂಟೆಗಟ್ಟಲೆ ಮಾತಾಡಿದರೆ ಒಂದೇ ಮಾತು ಕೇಳಿ. ಗೆದ್ದವನಿಗೆ ‘ಇಲ್ಲದಿದ್ದರೆ’ ಅನ್ನೋರು ನಿಮ್ಮಲ್ಲಿ ಯಾರಿದ್ದೀರಿ?