ಒಂಬತ್ತು ಮಕ್ಕಳ ಚೀಟಿಪೆಟ್ಟಿಗೆ

ಶನಿವಾರ ಬಂತೆಂದರೆ ಆ ಮನೆಯ ಮಕ್ಕಳೆಲ್ಲ ಒಬ್ಬರ ಹಿಂದೊಬ್ಬರು ತೂಕದ ಯಂತ್ರ ಹತ್ತಬೇಕು. ಯಾರ ತೂಕ ಇಳಿದಿದೆಯೋ ಅವರ ಪಾಲಿಗೆ ಮುಂದಿನ ವಾರವೆಲ್ಲ ಕೆನೆ ಹೆಚ್ಚು. ಲೆಕ್ಕ ಬರೆದಿಡಲು ತಾಯಿಯ ಬಳಿ ಒಂದು ಪೆಟ್ಟಿಗೆ, ಅದರೊಳಗೆ ಮಗುವಿಗೊಂದರಂತೆ ರಟ್ಟಿನ ಚೀಟಿ. ಹುಟ್ಟಿದ ದಿನ, ದೀಕ್ಷಾಸ್ನಾನ, ಮೊದಲ ಪರಮಪ್ರಸಾದ, ದೃಢೀಕರಣ ಎಲ್ಲವೂ ಅಲ್ಲಿವೆ. ಅವುಗಳ ನೆರೆಯಲ್ಲೇ ದಡಾರ, ನಾಯಿಕೆಮ್ಮು, ಹಾಕಿಸಿದ ಚುಚ್ಚುಮದ್ದು. ಆತ್ಮದ ಲೆಕ್ಕ ಬೇರೆ, ದೇಹದ ಲೆಕ್ಕ ಬೇರೆ ಎಂಬ ಭೇದ ಆ ಕೈಬರಹಕ್ಕೆ ಇರಲಿಲ್ಲ. ಹೀಗೆ ದಾಖಲಾದ ಎರಡನೆಯ ಮಗ ಮುಂದೆ ಅಮೆರಿಕದ ಅಧ್ಯಕ್ಷನಾದ ಜಾನ್ ಎಫ್. ಕೆನಡಿ. ಬರೆದಿಟ್ಟವಳು ರೋಸ್ ಫಿಟ್ಜೆರಾಲ್ಡ್ ಕೆನಡಿ.

ರೋಸ್ ಹುಟ್ಟಿದ್ದು 1890ರ ಜುಲೈ 22ರಂದು, ಬಾಸ್ಟನ್ನಿನ ನಾರ್ತ್ ಎಂಡ್‌ನಲ್ಲಿ. ತಂದೆ ಜಾನ್ ಫಿಟ್ಜೆರಾಲ್ಡ್ ಐರಿಷ್ ವಲಸಿಗರ ಮಗ. ಮಾತಿನ ಮೋಡಿಯಿಂದಲೇ ಊರಿನ ಮೇಯರ್ ಆದ ಮನುಷ್ಯ. ಜನ ಅವನನ್ನು 'ಹನಿ ಫಿಟ್ಜ್' ಎನ್ನುತ್ತಿದ್ದರು. ಓದಿನಲ್ಲಿ ಚುರುಕಾಗಿದ್ದ ಮಗಳಿಗೆ ವೆಲ್ಸ್‌ಲಿ ಕಾಲೇಜಿನ ಕನಸು. ಕಥೋಲಿಕ ಮೇಯರನ ಮಗಳು ಇತರರ ಕಾಲೇಜಿಗೆ ಹೋಗುವುದು ಮಹಾಧರ್ಮಾಧ್ಯಕ್ಷರಿಗೆ ಹಿಡಿಸಲಿಲ್ಲ. ತಂದೆಗೆ ಅವರನ್ನು ಎದುರು ಹಾಕಿಕೊಳ್ಳುವ ಮನಸ್ಸಿರಲಿಲ್ಲ. ಹುಡುಗಿ ಕಾನ್ವೆಂಟಿಗೆ ಹೋದಳು. ಆಮೇಲೆ ನೆದರ್‌ಲೆಂಡ್ಸ್‌ನ ಬ್ಲೂಮೆಂಥಾಲ್ ಕಾನ್ವೆಂಟಿನ ಕಟ್ಟುನಿಟ್ಟು. ವೆಲ್ಸ್‌ಲಿ ತಪ್ಪಿದ್ದೇ ತನ್ನ ಬದುಕಿನ ದೊಡ್ಡ ಕೊರಗು ಎಂದು ರೋಸ್ ಮುಪ್ಪಿನಲ್ಲೂ ಹೇಳುತ್ತಿದ್ದಳು. ಆಮೇಲೆ ಅವಳು ಕಂಡದ್ದನ್ನೆಲ್ಲ ಬಲ್ಲವರಿಗೆ ಇದು ವಿಚಿತ್ರವೆನಿಸಬಹುದು, ನನಗೆ ಹಾಗನಿಸುವುದಿಲ್ಲ. ಆ ಚೀಟಿಪೆಟ್ಟಿಗೆಯ ಅಚ್ಚುಕಟ್ಟಿನಲ್ಲಿ ಕಾಲೇಜು ಸಿಗದ ಬುದ್ಧಿಯೊಂದು ಕೆಲಸ ಹುಡುಕಿಕೊಂಡಿದೆ. ಮಕ್ಕಳನ್ನು ಬೆಳೆಸುವುದನ್ನು ಅವಳು ವೃತ್ತಿಯೆಂದೇ ಎಣಿಸಿದ್ದಳು. ಮರೆಯದಿರಲೆಂದು ತನ್ನ ಉಡುಪಿಗೇ ಚೀಟಿಗಳನ್ನು ಪಿನ್ನಿನಿಂದ ಸಿಕ್ಕಿಸಿಕೊಂಡು ಓಡಾಡುವಳು. ಊಟದ ಮೇಜಿನಲ್ಲಿ ಮಕ್ಕಳಿಗೆ ಆ ದಿನದ ಪತ್ರಿಕೆಯಿಂದ, ಆ ವಾರದ ಹಬ್ಬದಿಂದ ಪ್ರಶ್ನೆ.

1914ರ ಅಕ್ಟೋಬರ್ 7ರಂದು ಜೋಸೆಫ್ ಕೆನಡಿಯೊಂದಿಗೆ ಮದುವೆ. ನಡೆಸಿಕೊಟ್ಟವರು ಅದೇ ಮಹಾಧರ್ಮಾಧ್ಯಕ್ಷ, ಆಗ ಕಾರ್ಡಿನಲ್ ಆಗಿದ್ದ ಓಕಾನೆಲ್. ಗಂಡ ದುಡ್ಡು ಮಾಡುವುದರಲ್ಲಿ ನಿಸ್ಸೀಮ, ಹೆಂಗಸರ ವಿಷಯದಲ್ಲಿ ಲಂಗುಲಗಾಮಿಲ್ಲದವ. 1920ರಲ್ಲಿ, ನಾಲ್ಕನೆಯ ಬಸಿರು ಹೊತ್ತು, ರೋಸ್ ಗಂಟುಮೂಟೆ ಕಟ್ಟಿ ತವರಿಗೆ ನಡೆದುಬಿಟ್ಟಳು. ಸುಮಾರು ಮೂರು ವಾರ ಕಳೆಯಿತು. ನಿನ್ನ ಮನೆ ಅದೇ, ಹೋಗು ಎಂದ ತಂದೆ. ಈ ಮಾತನ್ನು ಕೇಳದ ಮಗಳು ನಮ್ಮಲ್ಲೂ ಕಡಿಮೆಯೇ. ಮರಳಿ ಬಂದಳು, ಹೊಟ್ಟೆಯಲ್ಲಿದ್ದ ಮಗುವಿನ ಬಳಿಕ ಇನ್ನೂ ಐದು ಮಕ್ಕಳಾದವು. ನಟಿ ಗ್ಲೋರಿಯಾ ಸ್ವಾನ್‌ಸನ್ ಮನೆಗೇ ಬಂದಾಗಲೂ ರೋಸ್ ಉಪಚಾರದಲ್ಲಿ ಕೊರತೆ ಮಾಡಲಿಲ್ಲ. 1974ರ ಆತ್ಮಕಥೆಯಲ್ಲೂ ಆಕೆಯನ್ನು ಕಂಡಿದ್ದು ಗಂಡನ ವ್ಯವಹಾರದ ಗೆಳತಿಯಾಗಿ ಮಾತ್ರ. ಇದನ್ನು ಭಕ್ತಿ ಎನ್ನಬೇಕೋ ಹಟ ಎನ್ನಬೇಕೋ, ಎರಡಕ್ಕೂ ನಡುವಿನ ಗೆರೆ ತೆಳು.

ಆ ಹಟದ ಚೂಪು ಮಗಳಿಗೂ ತಾಗಿತು. 1944ರ ಮೇ ತಿಂಗಳಲ್ಲಿ ಕ್ಯಾಥ್ಲೀನ್ ಲಂಡನ್ನಿನ ನೋಂದಣಿ ಕಚೇರಿಯಲ್ಲಿ ಪ್ರಾಟೆಸ್ಟಂಟ್ ಶ್ರೀಮಂತ ಮನೆತನದ ವಿಲಿಯಂ ಕ್ಯಾವೆಂಡಿಷ್‌ನನ್ನು ಮದುವೆಯಾದಳು. ಬಲಿಪೂಜೆಯಿಲ್ಲದ ಮದುವೆ ತಾಯಿಯ ಲೆಕ್ಕದಲ್ಲಿ ಮದುವೆಯೇ ಅಲ್ಲ. ಮನೆಯ ಕಡೆಯಿಂದ ನಿಂತವನು ಹಿರಿಯಣ್ಣ ಜೋ ಒಬ್ಬನೇ. ಆಗಸ್ಟಿನಲ್ಲಿ ಅವನು ಯುದ್ಧವಿಮಾನ ಸ್ಫೋಟಗೊಂಡು ಸತ್ತ. ಸೆಪ್ಟೆಂಬರಿನಲ್ಲಿ ಅಳಿಯ ಬೆಲ್ಜಿಯಂನಲ್ಲಿ ಗುಂಡಿಗೆ ಬಲಿಯಾದ. 1948ರಲ್ಲಿ ಕ್ಯಾಥ್ಲೀನಳೂ ಫ್ರಾನ್ಸಿನಲ್ಲಿ ವಿಮಾನ ಅಪಘಾತಕ್ಕೆ ಸಿಕ್ಕಳು. ಮಣ್ಣಿಗೆ ತಂದೆ ಹೋದ, ತಾಯಿ ಹೋಗಲಿಲ್ಲ. ಮೂರು ವರ್ಷದ ಬಳಿಕ ಪೋಪ್ ಹನ್ನೆರಡನೇ ಪಿಯುಸ್, ಆದರ್ಶ ಮಾತೃತ್ವವನ್ನೂ ದಾನಧರ್ಮವನ್ನೂ ಮೆಚ್ಚಿ, ಅವಳಿಗೆ 'ಕೌಂಟೆಸ್' ಪದವಿ ಕೊಟ್ಟರು. ಈ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಇನ್ನು ಹಿರಿಯ ಮಗಳು ರೋಸ್‌ಮೇರಿ. ಬುದ್ಧಿಯ ಬೆಳವಣಿಗೆ ನಿಧಾನವಾದ ಈ ಮಗುವಿಗೆ ಓದಲು, ಟೆನಿಸ್ ಆಡಲು, ಕುಣಿಯಲು ಕಲಿಸಿದ್ದು ತಾಯಿಯ ತಾಳ್ಮೆ. 1941ರಲ್ಲಿ, ಅವಳಿಗೆ 23 ವರ್ಷವಾಗಿದ್ದಾಗ, ತಂದೆ ಮಿದುಳಿಗೆ ಲೊಬಾಟಮಿ ಎಂಬ ಶಸ್ತ್ರಚಿಕಿತ್ಸೆ ಮಾಡಿಸಿದ. ತನಗೆ ತಿಳಿಸದೆ ಮಾಡಿಸಿದನೆಂದು ರೋಸ್ ಆಮೇಲೆ ಹೇಳಿಕೊಂಡಳು. ನಡೆಯುವುದು, ಮಾತಾಡುವುದು ಎಲ್ಲವೂ ಹೋಯಿತು. ಹುಡುಗಿ ಕೊನೆಗೆ ಸೇರಿದ್ದು ವಿಸ್ಕಾನ್ಸಿನ್‌ನ ಸೇಂಟ್ ಕೊಲೆಟಾದ ಧರ್ಮಭಗಿನಿಯರ ಆಶ್ರಯಕ್ಕೆ. ಮಕ್ಕಳಿಗೆಲ್ಲ ಒಟ್ಟಿಗೆ ತಾಯಿ ಬರೆಯುತ್ತಿದ್ದ ಸುತ್ತೋಲೆಯಂಥ ಪತ್ರಗಳಿಂದ ಅವಳ ಹೆಸರು ಬಹುಕಾಲ ಮಾಯವಾಯಿತು. ತೂಕದಲ್ಲಿ ಅರ್ಧ ಪೌಂಡ್ ಇಳಿದರೂ ಗುರುತು ಹಾಕುತ್ತಿದ್ದ ಕೈ ಇದನ್ನು ಬರೆಯಲು ಜಾಗ ಕಾಣಲಿಲ್ಲ. 1961ರಲ್ಲಿ ಗಂಡ ಪಾರ್ಶ್ವವಾಯುವಿಗೆ ತುತ್ತಾಗಿ ಮಾತು ಕಳೆದುಕೊಂಡ ಮೇಲೆ ತಾಯಿ ಮಗಳನ್ನು ಮತ್ತೆ ಹುಡುಕಿಕೊಂಡು ಹೋದಳು. ಮುಂದೆ ರೋಸ್‌ಮೇರಿ ಮನೆಗೂ ಬಂದು ಹೋಗತೊಡಗಿದಳು. ತಂಗಿ ಯೂನಿಸ್ 1968ರಲ್ಲಿ ಸ್ಪೆಷಲ್ ಒಲಿಂಪಿಕ್ಸ್ ಶುರುಮಾಡಿದ್ದರ ಹಿಂದೆ ಈ ಅಕ್ಕನ ನೆರಳಿದೆ.

1963 ಮತ್ತು 1968ರ ಗುಂಡುಗಳನ್ನು ಲೋಕವೇ ಬಲ್ಲದು. ಜಾನ್ ಹೋದಾಗ ಅವಳಿಗೆ 73, ಅವನ ತಮ್ಮ ರಾಬರ್ಟ್ ಹೋದಾಗ 77. ಹಯಾನಿಸ್‌ನ ಚರ್ಚಿನಲ್ಲಿ ಬೆಳಗಿನ ಪೂಜೆ, ಕಡಲಂಚಿನ ನಡಿಗೆ, ಕೈಯಲ್ಲಿ ಜಪಸರ: ದಿನಚರಿ ನಿಲ್ಲಲಿಲ್ಲ. ರಾಬರ್ಟನ ಶವ ಹೊತ್ತ ರೈಲಿನ ಕಿಟಕಿಯಿಂದ, ಹಳಿಯ ಬದಿಯಲ್ಲಿ ನಿಂತ ಜನರಿಗೆ ಅವಳು ಕೈ ಬೀಸಿದಳು. ಮಗ ಸತ್ತಾಗ ಹೀಗೂ ಉಂಟೇ ಎಂದು ಕೆಲವರು ಮೂಗು ಮುರಿದರು. ಗಂಟೆಗಟ್ಟಲೆ ಬಿಸಿಲಲ್ಲಿ ಕಾದವರನ್ನು ಕಂಡೂ ಕಾಣದಂತಿರುವುದು ಹನಿ ಫಿಟ್ಜ್‌ನ ಮಗಳಿಗೆ ಗೊತ್ತಿರಲಿಲ್ಲ.

1984ರಲ್ಲಿ ಅವಳಿಗೂ ಪಾರ್ಶ್ವವಾಯು ಬಡಿಯಿತು. ಗಾಲಿಕುರ್ಚಿಯಲ್ಲಿ ಹತ್ತು ವರ್ಷ ಕಳೆದು, 1995ರ ಜನವರಿ 22ರಂದು, 104ನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದಳು. ಅಂತಿಮ ಪೂಜೆ ನಡೆದದ್ದು ದೀಕ್ಷಾಸ್ನಾನ ಪಡೆದಿದ್ದ ನಾರ್ತ್ ಎಂಡ್‌ನ ಸೇಂಟ್ ಸ್ಟೀಫನ್ಸ್ ಚರ್ಚಿನಲ್ಲೇ.

ಬ್ರೂಕ್‌ಲೈನ್‌ನ ಬೀಲ್ಸ್ ಬೀದಿಯ 83ನೆಯ ನಂಬರಿನ ಮನೆಯಲ್ಲಿ ಅವಳು ಮೊದಲು ಸಂಸಾರ ಹೂಡಿದ್ದು. ಜಾನ್ ತೀರಿಹೋದ ಮೇಲೆ ಕುಟುಂಬ ಅದನ್ನು ಮರಳಿ ಕೊಂಡಿತು. ಮೇಜು ಕುರ್ಚಿ ಎಲ್ಲಿರಬೇಕೆಂದು ನೆನಪಿನಿಂದ ಹೇಳಿ ಜೋಡಿಸಿದವಳು ರೋಸ್. ನೋಡಲು ಬಂದವರಿಗೆ ಕೋಣೆ ಕೋಣೆಯನ್ನೂ ವಿವರಿಸಲು ತನ್ನ ದನಿಯನ್ನೂ ಮುದ್ರಿಸಿಕೊಟ್ಟಳು. ಮೂರು ಮಕ್ಕಳು ಹುಟ್ಟಿದ ಆ ಮನೆಯನ್ನು ಸಜ್ಜುಗೊಳಿಸಲು ಅವಳು ಆರಿಸಿಕೊಂಡ ವರ್ಷ 1917. ಮಗ ಜಾನ್ ಹುಟ್ಟಿದ ವರ್ಷ. ರೋಸ್‌ಮೇರಿ ಹುಟ್ಟಲು ಇನ್ನೂ ಒಂದು ವರ್ಷ ಬಾಕಿ.