ಅಂಚೆಯೊಡನೆ ಬಂದ ಫೈಲು ಅಡಗಿರುವ ಸ್ಥಳ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಶಾಲೆಗಳಲ್ಲಿಯೂ ಕಚೇರಿಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಕಂಪ್ಯೂಟರಿನ ಮುಂದೆ ಕುಳಿತು ಕೆಲಸಮಾಡುವವರಾಗಿದ್ದಾರೆ. ಅವರಿಂದ ನಮಗೆ ಪದೇ ಪದೇ ಬರುವ ಪ್ರಶ್ನೆ ಒಂದುಂಟು: "ಇ-ಮೇಲಿನೊಡನೆ ಬಂದ ಫೈಲನ್ನು ತೆರೆದು ಎರಡು ತಾಸು ತಿದ್ದಿ ಉಳಿಸಿದೆವು. ಮರುದಿನ ಅದೇ ಪತ್ರದಿಂದ ತೆರೆದರೆ ತಿದ್ದಿದ್ದೊಂದೂ ಇಲ್ಲ. ನಮ್ಮ ಶ್ರಮವೆಲ್ಲಾ ಎಲ್ಲಿ ಹೋಯಿತು?" ಎಂಬುದಾಗಿ. ಇದಕ್ಕೆ ಉತ್ತರವನ್ನು ಇಲ್ಲಿ ವಿವರಿಸಲಿಚ್ಛಿಸುತ್ತೇವೆ.

ಕಚೇರಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಕ್ಲಾಸಿಕ್ ಔಟ್‌ಲುಕ್ ಎಂಬ ಅಂಚೆಯ ಕಾರ್ಯಕ್ರಮವನ್ನು ಉದಾಹರಣೆಯಾಗಿ ತೆಗೆದುಕೊಳ್ಳುವ. ಅದು ಮೂಲಪತ್ರವನ್ನು ಪೆಟ್ಟಿಗೆಯಲ್ಲಿಯೇ ಇಟ್ಟುಕೊಂಡು ನಕಲನ್ನು ಮಾತ್ರ ಕೈಗೆ ಕೊಡುವ ಗುಮಾಸ್ತನಂತೆ ನಡೆಯುತ್ತದೆ. ಪತ್ರದೊಳಗಿನಿಂದಲೇ ಫೈಲನ್ನು ತೆರೆದಾಗ ಅದರ ನಕಲೊಂದು ತಾತ್ಕಾಲಿಕ ಫೋಲ್ಡರಿನಲ್ಲಿ ಸಿದ್ಧವಾಗುವದು. ನಾವು ನೋಡುವದು ಆ ನಕಲನ್ನೇ. ಅದನ್ನು ಅಲ್ಲಿಯೇ ತಿದ್ದಿ ಉಳಿಸಿದರೆ ತಿದ್ದುಪಡಿಯು ಆ ಫೋಲ್ಡರಿನಲ್ಲಿ ನಿಲ್ಲುವದೇ ಹೊರತು ಪತ್ರದಲ್ಲಿರುವ ಮೂಲವನ್ನು ಮುಟ್ಟುವದಿಲ್ಲ.

ಈ ಫೋಲ್ಡರು ಸಾಮಾನ್ಯರ ಕಣ್ಣಿಗೆ ಬೀಳದಂತೆ ಮರೆಮಾಡಲ್ಪಟ್ಟಿದೆ. ಅದನ್ನು ಕಾಣಬೇಕಾದರೆ ವಿಂಡೋಸಿನ ಫೋಲ್ಡರ್ ಆಪ್ಷನ್ಸ್ ಎಂಬಲ್ಲಿಗೆ ಹೋಗಿ, ವ್ಯೂ ಎಂಬ ಭಾಗದಲ್ಲಿ ಅಡಗಿರುವ ಫೈಲುಗಳನ್ನು ತೋರಿಸುವಂತೆ ಗುರುತುಮಾಡತಕ್ಕದ್ದು; ವ್ಯವಸ್ಥೆಯ ರಕ್ಷಿತ ಫೈಲುಗಳನ್ನು ಮರೆಮಾಡುವ ಗುರುತನ್ನು ತೆಗೆಯತಕ್ಕದ್ದು. ತರುವಾಯ ಸಿ ಡ್ರೈವಿನಲ್ಲಿ ಯೂಸರ್ಸ್, ಅದರೊಳಗೆ ತಮ್ಮ ಹೆಸರು, ಆಮೇಲೆ ಆಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಐನೆಟ್‌ಕ್ಯಾಶ್, ಕಂಟೆಂಟ್.ಔಟ್‌ಲುಕ್ ಎಂಬ ಫೋಲ್ಡರುಗಳನ್ನು ಒಂದಾದ ಮೇಲೊಂದಾಗಿ ತೆರೆಯಬೇಕು. ಕಡೆಯಲ್ಲಿ ಅರ್ಥವಿಲ್ಲದ ಅಕ್ಷರಗಳ ಹೆಸರುಳ್ಳ ಫೋಲ್ಡರೊಂದು ಸಿಕ್ಕುವದು, ನಕಲುಗಳಿರುವದು ಅದರೊಳಗೆ. ಇದು 2015ರಲ್ಲಿ ಬಂದ ವಿಂಡೋಸ್ 10 ಹಾಗೂ 2021ರಲ್ಲಿ ಬಂದ ವಿಂಡೋಸ್ 11 ಇವುಗಳ ಕ್ರಮ. 2009ರ ವಿಂಡೋಸ್ 7ರಲ್ಲಿ ಐನೆಟ್‌ಕ್ಯಾಶಿನ ಬದಲಾಗಿ ಟೆಂಪರರಿ ಇಂಟರ್ನೆಟ್ ಫೈಲ್ಸ್ ಎಂಬ ಹೆಸರಿತ್ತು.

ಅಲ್ಲಿ ಫೈಲುಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ನೋಡಿದರೆ ಬೇಕಾದದ್ದು ಬೇಗ ಗೊತ್ತಾಗುವದು. ಸಿಕ್ಕಿದೊಡನೆ ಅದನ್ನು ತಮ್ಮ ಸ್ವಂತ ಫೋಲ್ಡರಿಗೆ ಪ್ರತಿಮಾಡಿ, ಮೊದಲು ಬದಲಾಯಿಸಿದ ಗುರುತುಗಳನ್ನು ಯಥಾಸ್ಥಿತಿಗೆ ತರಬೇಕು. ಆದರೆ ಪ್ರತಿಯೊಂದು ಸಾರಿಯೂ ಫೈಲು ಸಿಕ್ಕೇ ಸಿಕ್ಕುವದೆಂದು ನಂಬಬಾರದು. ಯಾಕಂದರೆ ಕೆಲಸ ಕ್ರಮವಾಗಿ ಮುಗಿದಾಗ ಔಟ್‌ಲುಕ್ ತಾನೇ ನಕಲನ್ನು ಅಳಿಸಿಬಿಡುವದು. ಫೈಲು ತೆರೆದಿರುವಾಗಲೇ ಔಟ್‌ಲುಕ್ ಮುಚ್ಚಿಹೋದರೆ ಅಥವಾ ನಡುವೆ ಕೆಟ್ಟು ನಿಂತರೆ ನಕಲು ಹಾಗೆಯೇ ಉಳಿಯುವದುಂಟು. ಆದಕಾರಣ ತಡಮಾಡದೆ ಹುಡುಕುವದು ಲೇಸು.

ಹೀಗೆ ಉಳಿಯುವದು ಒಬ್ಬರಿಗೆ ಭಾಗ್ಯವಾದರೆ ಇನ್ನೊಬ್ಬರಿಗೆ ಅಪಾಯವಾದೀತು. ಹಲವರು ಉಪಯೋಗಿಸುವ ಕಂಪ್ಯೂಟರಿನಲ್ಲಿ ಪ್ರಶ್ನಪತ್ರಿಕೆಯನ್ನಾಗಲಿ, ರೋಗಿಯ ವರದಿಯನ್ನಾಗಲಿ, ಮಗಳ ಆಧಾರ್ ಪ್ರತಿಯನ್ನಾಗಲಿ ತೆರೆದು ಎದ್ದುಹೋದರೆ, ಪತ್ರವನ್ನು ಅಳಿಸಿದ ಮೇಲೂ ನಕಲು ಅಲ್ಲಿ ಬಿದ್ದಿರಬಹುದು. ಬ್ರೌಸರಿನ ಮೂಲಕ ಅಂಚೆ ನೋಡುವವರು ಇಳಿಸಿಕೊಂಡ ಫೈಲುಗಳಾದರೋ ಸಾಮಾನ್ಯವಾಗಿ ಡೌನ್‌ಲೋಡ್ಸ್ ಎಂಬ ಫೋಲ್ಡರಿನಲ್ಲಿ ಬಹಿರಂಗವಾಗಿಯೇ ಇರುತ್ತವೆ. ಮಕ್ಕಳ ದಾಖಲೆಗಳನ್ನು ಸೈಬರ್ ಕೇಂದ್ರದಲ್ಲಿ ಮುದ್ರಿಸುವ ಪೋಷಕರು ಹಣಕೊಟ್ಟು ಹೊರಡುವ ಮೊದಲು ಅವುಗಳನ್ನು ಅಳಿಸಿ, ಕಸದ ಬುಟ್ಟಿಯನ್ನೂ ಬರಿದುಮಾಡಿಸಿ, ಅಂಚೆಯಿಂದ ಲಾಗೌಟ್ ಆಗತಕ್ಕದ್ದು.

ಹುಡುಕುವ ಕಷ್ಟವೇ ಬಾರದಂತೆ ನಡೆಯುವದಾದರೆ ಕ್ರಮವು ಬಹು ಸರಳ. ಬಂದ ಫೈಲನ್ನು ಮೊದಲು ತಮ್ಮ ಫೋಲ್ಡರಿನಲ್ಲಿ ಗುರುತಿಗೆ ಸಿಕ್ಕುವ ಹೆಸರಿನಿಂದ ಇಟ್ಟುಕೊಂಡು, ಆಮೇಲೆ ಅಲ್ಲಿಂದ ತೆರೆದು ತಿದ್ದಬೇಕು. ಹೊಲಿಗೆಗೆ ಕುಳಿತುಕೊಳ್ಳುವ ಮೊದಲು ದಾರಕ್ಕೆ ಗಂಟುಹಾಕಿಕೊಳ್ಳುವದನ್ನು ಕಲಿತ ನಮ್ಮ ಹುಡುಗಿಯರಿಗೆ ಇದೊಂದು ದೊಡ್ಡ ಮಾತಾಗಲಾರದು.