ಗೋಧಿ ಬಿಟ್ಟರೂ ಗರಿಗರಿ

ಗೋಧಿ ಇಲ್ಲದೆ ಬ್ರೆಡ್ ಮಾಡಲು ಹೊರಟವರಿಗೆ ಅದರ ಕಷ್ಟ ಗೊತ್ತು. ಗೋಧಿ ಹಿಟ್ಟಿಗೆ ನೀರು ಬಿದ್ದು ನಾದುತ್ತಿದ್ದಂತೆ ಗ್ಲುಟೆನ್ ಎಂಬ ಪ್ರೋಟೀನು ಜಗ್ಗಿದರೂ ಹರಿಯದ ಬಲೆ ಹೆಣೆಯುತ್ತದೆ. ಗಾಳಿ ಹಿಡಿದಿಟ್ಟು ಬ್ರೆಡ್ಡನ್ನು ಉಬ್ಬಿಸುವುದು ಆ ಬಲೆಯೇ. ಬಿಸ್ಕತ್ತಿನ ವಿಷಯ ಉಲ್ಟಾ. ಗ್ಲುಟೆನ್ ಬಲಿತಷ್ಟೂ ಅದು ಕಲ್ಲಾಗುತ್ತದೆ. ಬೆಣ್ಣೆ ಬಿಸ್ಕತ್ತಿನ ಹಿಟ್ಟನ್ನು ಹೆಚ್ಚು ನಾದಬಾರದು ಎನ್ನುವುದು ಇದಕ್ಕೇ. ಹಾಗಾಗಿ ಧಾನ್ಯ ಬಿಟ್ಟವರಿಗೆ ಬೇಕರಿ ತಿನಿಸುಗಳಲ್ಲಿ ಮೊದಲು ಒಲಿಯುವುದು ಬಿಸ್ಕತ್ತು.

ರಾಗಿ, ಜೋಳ, ನವಣೆಗಳಲ್ಲಿ ಗ್ಲುಟೆನ್ ಇಲ್ಲ, ನಿಜ. ಆದರೆ ಅವೂ ಏಕದಳ ಧಾನ್ಯಗಳೇ. ಅವನ್ನೂ ಪಕ್ಕಕ್ಕಿಟ್ಟರೆ ಉಳಿಯುವುದು ಬೇಳೆ, ಬೀಜ, ಕಾಯಿ, ಗೆಡ್ಡೆಗಳ ಹಿಟ್ಟು. ಒಂದೊಂದರ ಗುಣ ಒಂದೊಂದು ಬಗೆ.

ಕಡಲೆಹಿಟ್ಟಿನಲ್ಲಿ ಪ್ರೋಟೀನು ಮೈದಾದ ಸುಮಾರು ಎರಡು ಪಟ್ಟು. ಆದರೆ ಹುರಿಯದೆ ಬಳಸಿದರೆ ಹಸಿ ವಾಸನೆ ಬಿಡುವುದಿಲ್ಲ. ಬಾದಾಮಿ ಹಿಟ್ಟಿನ ತೂಕದಲ್ಲಿ ಅರ್ಧದಷ್ಟು ಕೊಬ್ಬೇ ಇರುವುದರಿಂದ ತುಪ್ಪ ಕಡಿಮೆ ಸಾಕು. ಬೇಗ ಕೆಂಪಾಗುವುದರಿಂದ ಉರಿಯೂ ಕಡಿಮೆ ಇರಬೇಕು. ಹಾಲು ಹಿಂಡಿದ ಕಾಯಿತುರಿಯನ್ನು ಒಣಗಿಸಿ ಪುಡಿ ಮಾಡಿದ ತೆಂಗಿನ ಹಿಟ್ಟು ನಾರಿನ ಗಣಿ. ಅದು ಎಷ್ಟು ಸುರಿದರೂ ನೀರು ಕುಡಿಯುತ್ತದೆ, ಹಾಗಾಗಿ ಬೇರೆ ಹಿಟ್ಟಿನ ಜೊತೆ ಸ್ವಲ್ಪವೇ ಬೆರೆಸಬೇಕು. ಕೂವೆ ಹಿಟ್ಟು ಬರೀ ಪಿಷ್ಟ. ಪೋಷಣೆಗೆ ಅದು ಲೆಕ್ಕಕ್ಕಿಲ್ಲ, ಪುಡಿಯಾಗುವ ಬಿಸ್ಕತ್ತನ್ನು ಹಿಡಿದಿಡಲು ಬೇಕು.

ಇನ್ನು ಬಾಳೆಕಾಯಿ ಹುಡಿ. 2021ರಲ್ಲಿ ಬಾಳೆಯ ಬೆಲೆ ಕುಸಿದಾಗ ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆ ಅವರು ‘ಬಾಕಾಹು’ ಎಂದು ಕರೆದು ಊರೂರಿಗೆ ಮುಟ್ಟಿಸಿದ ಹಿಟ್ಟು ಇದು. ಬಲಿತ ಬಾಳೆಕಾಯಿಯ ಸಿಪ್ಪೆ ತೆಗೆದು, ಬಿಲ್ಲೆ ಹೆಚ್ಚಿ, ಕಪ್ಪಾಗದಂತೆ ಮಜ್ಜಿಗೆ ನೀರಿನಲ್ಲಿ ಅದ್ದಿ, ಮುರಿದರೆ ಪಟ್ಟೆನ್ನುವಷ್ಟು ಒಣಗಿಸಿ ಮಿಕ್ಸಿಗೆ ಹಾಕಿದರಾಯಿತು. ಉತ್ತರ ಕನ್ನಡ, ದಕ್ಷಿಣ ಕನ್ನಡದ ಅಡುಗೆಮನೆಗಳಲ್ಲಿ ಇದು ದೋಸೆಯಾಯಿತು, ಗುಲಾಬ್ ಜಾಮೂನೂ ಆಯಿತು. ಬಿಸ್ಕತ್ತಿಗೂ ಒಗ್ಗುತ್ತದೆ. ಹಸಿ ಬಾಳೆಕಾಯಿಯಲ್ಲಿ ಸುಲಭವಾಗಿ ಜೀರ್ಣವಾಗದ, ಕರುಳಿಗೆ ಒಳ್ಳೆಯದಾದ ಪಿಷ್ಟವಿದೆ. ಬೇಯಿಸಿದಾಗ ಅದರಲ್ಲೊಂದು ಪಾಲು ನಷ್ಟವಾಗುತ್ತದೆ ಎಂಬುದೂ ನೆನಪಿರಲಿ.

ಮೊದಲ ಸಲಕ್ಕೆ ಕಡಲೆಹಿಟ್ಟಿನ ನಾನ್‌ಖಟಾಯಿ ಸಲೀಸು. 150 ಗ್ರಾಂ ಕಡಲೆಹಿಟ್ಟನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿದು ಪೂರ್ತಿ ಆರಿಸಿ. 90 ಗ್ರಾಂ ಗಟ್ಟಿ ತುಪ್ಪವನ್ನು 80 ಗ್ರಾಂ ಸಕ್ಕರೆ ಪುಡಿಯೊಂದಿಗೆ ಬೆಳ್ಳಗಾಗುವವರೆಗೆ ತಿಕ್ಕಿ. ಹುರಿದ ಕಡಲೆಹಿಟ್ಟು, 50 ಗ್ರಾಂ ಬಾದಾಮಿ ಹಿಟ್ಟು, ಏಲಕ್ಕಿ, ಚಿಟಿಕೆ ಉಪ್ಪು ಸೇರಿಸಿ ಕಲಸಿ, ಉಂಡೆ ಕಟ್ಟಿ, ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಹಾಗಿಡದಿದ್ದರೆ ತುಪ್ಪ ಬೇಗ ಕರಗಿ ಉಂಡೆ ತಟ್ಟೆಯ ತುಂಬ ಹರಡುತ್ತದೆ. ಉಂಡೆಗಳನ್ನು ಮೆಲ್ಲಗೆ ಒತ್ತಿ 160 ಡಿಗ್ರಿ ಸೆಲ್ಸಿಯಸ್‌ನ ಓವನ್‌ನಲ್ಲಿ 15ರಿಂದ 20 ನಿಮಿಷ ಬೇಯಿಸಿ. ಹೊರತೆಗೆದಾಗ ಮುಟ್ಟಿದರೆ ಮುರಿಯುವಷ್ಟು ಮೆದುವಾಗಿರುತ್ತದೆ. ಬೆಂದಿಲ್ಲವೆಂದು ಮತ್ತೆ ಒಳಗಿಟ್ಟರೆ ತಳ ಸೀಯುತ್ತದೆ. ತಟ್ಟೆಯಲ್ಲೇ ತಣಿಯಲು ಬಿಟ್ಟರೆ ತಾನಾಗಿ ಗರಿಯಾಗುತ್ತದೆ.

ಧಾನ್ಯವಿಲ್ಲ ಎಂದ ಮಾತ್ರಕ್ಕೆ ಡಬ್ಬಿ ಖಾಲಿ ಮಾಡುವಂತಿಲ್ಲ; ತುಪ್ಪ, ಸಕ್ಕರೆ ಎಲ್ಲಿಗೂ ಹೋಗಿಲ್ಲ. ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆ ಇರುವವರಂತೂ ಇನ್ನಷ್ಟು ಹುಷಾರಾಗಿರಬೇಕು. ಗೋಧಿ ಬೀಸಿದ ಗಿರಣಿಯಲ್ಲೇ ಕಡಲೆ ಬೀಸಿಸಿದರೆ ಗೋಧಿಯೂ ಜೊತೆಗೆ ಬರುತ್ತದೆ. ಖಾರ ಬಿಸ್ಕತ್ತಿಗೆ ಹಾಕುವ ಇಂಗಿನ ಪುಡಿಯಲ್ಲಿ ಹಲವು ಸಲ ಗೋಧಿ ಹಿಟ್ಟು ಬೆರೆತಿರುತ್ತದೆ. ಧಾನ್ಯವನ್ನೇ ಪೂರ್ತಿ ಬಿಟ್ಟವರಿಗೆ ಇನ್ನೊಂದು ಎಚ್ಚರಿಕೆ: ಬೇಕಿಂಗ್ ಪೌಡರ್, ಐಸಿಂಗ್ ಸಕ್ಕರೆಗಳಲ್ಲಿ ಸಾಮಾನ್ಯವಾಗಿ ಮೆಕ್ಕೆಜೋಳದ ಪಿಷ್ಟ ಇರುತ್ತದೆ. ಸಕ್ಕರೆಯನ್ನು ಮನೆಯಲ್ಲೇ ಪುಡಿ ಮಾಡಿಕೊಳ್ಳಿ, ಉಳಿದವುಗಳ ಪೊಟ್ಟಣದ ಹಿಂಬದಿಯನ್ನು ಓದಿ ಕೊಳ್ಳಿ.